ಹೋಗುವ ದಾರಿ ಸರಿ, ಬರುವ ದಾರಿ ಎಲ್ಲಿ?

ಮೊಬೈಲ್ ಕಂಪನಿಗಳ ಸರ್ವಿಸ್ ಚೈನ್ ಡಿಸೈನ್ ಪರಿಶೀಲಿಸುವುದು ನನ್ನ ಕೆಲಸ. ಸರ್ವಿಸ್ ಚೈನ್ ಅಂದರೆ ಫೋನಿನ ಡೇಟಾ ಒಂದಾದ ಮೇಲೊಂದು ದಾಟಬೇಕಾದ ಡಬ್ಬಿಗಳ ಸಾಲು. ನನ್ನ ಮುಂದೆ ಬರುವ ಚಿತ್ರಗಳು ಹೆಚ್ಚುಕಡಿಮೆ ಒಂದೇ ಥರ. ಎಡಗಡೆ ಫೋನ್, ಬಲಗಡೆ ಇಂಟರ್ನೆಟ್. ನಡುವೆ ಮೂರು ಡಬ್ಬಿ: ಮಕ್ಕಳಿಗೆ ಬೇಡದ ಸೈಟು ತಡೆಯುವ ಫಿಲ್ಟರ್, ಹೊರಗಿನಿಂದ ಕೇಳದೆ ಬರುವುದನ್ನು ತಡೆಯುವ ಫೈರ್‌ವಾಲ್, ಫೋನಿನ ಒಳ ಅಡ್ರೆಸ್ ಬದಲಿಸಿ ಪಬ್ಲಿಕ್ ಅಡ್ರೆಸ್ ಹಾಕುವ ನ್ಯಾಟ್. ಎಡದಿಂದ ಬಲಕ್ಕೆ ಒಂದೇ ಬಾಣ. ಉತ್ತರ ಯಾವ ದಾರೀಲಿ ವಾಪಸ್ ಬರುತ್ತೆ ಅಂತ ಕೇಳಿದರೆ, "ರೂಟಿಂಗ್ ಇದೆಯಲ್ಲ ಸರ್, ಬಂದೇ ಬರುತ್ತೆ" ಅನ್ನುತ್ತಾರೆ. ವರ್ಷಗಳಿಂದ ಇದೇ ಮಾತು ಕೇಳಿ ಕೇಳಿ ಸಾಕಾಗಿದೆ.

ಫೈರ್‌ವಾಲ್‌ಗೆ ನೆನಪು ಇರುತ್ತದೆ. ಫೋನ್ ಕಳಿಸಿದ ಮೊದಲ ಪ್ಯಾಕೆಟ್ (ಡೇಟಾದ ತುಣುಕು) ನೋಡಿ "ಈ ಮಾತುಕತೆ ಶುರುವಾಗಿದೆ" ಅಂತ ಬರೆದಿಟ್ಟುಕೊಳ್ಳುತ್ತದೆ. ಉತ್ತರ ಬಂದಾಗ ಆ ಪಟ್ಟಿ ನೋಡಿ ಒಳಗೆ ಬಿಡುತ್ತದೆ. ಪ್ಯಾಕೆಟ್ ಒಂದನೇ ಫೈರ್‌ವಾಲ್ ಮೂಲಕ ಹೋಗಿ, ಉತ್ತರ ಎರಡನೆಯದಕ್ಕೆ ಬಂದರೆ? ಅದರ ಪಟ್ಟಿಯಲ್ಲಿ ಏನೂ ಇಲ್ಲ. ಬಿಸಾಕುತ್ತದೆ. ಅದರ ಕೆಲಸವೇ ಅದು, ತಪ್ಪು ನಮ್ಮದು.

ಒಮ್ಮೆ ಒಂದು ಕಂಪನಿಯಲ್ಲಿ ರಾತ್ರಿ ಎರಡನೇ ಫೈರ್‌ವಾಲ್ ಸೇರಿಸಿದರು. ಬೆಳಗ್ಗೆ ದೂರು ಶುರು. ನಾನು ಹೋದಾಗ ಮೇಜಿನ ಮೇಲೆ ಎರಡು ಟೆಸ್ಟ್ ಫೋನ್ ಅಕ್ಕಪಕ್ಕ ಇದ್ದವು. ಒಂದರಲ್ಲಿ ಸುದ್ದಿಯ ಸೈಟು ತೆರೆಯುತ್ತದೆ, ಬ್ಯಾಂಕಿನದು ಸುತ್ತುತ್ತಲೇ ಇದೆ. ಇನ್ನೊಂದರಲ್ಲಿ ಸರಿಯಾಗಿ ಉಲ್ಟಾ. ಎಷ್ಟು ಸಲ ಒತ್ತಿದರೂ ಅದೇ. ಸೈಟಿನ ಹೆಸರಿಗೆ ಅಡ್ರೆಸ್ ಹುಡುಕಿಕೊಡುವ ಡಿಎನ್‌ಎಸ್‌ಗೆ ಬೈದಾಗಿತ್ತು, ಟವರ್‌ಗೆ ಬೈದಾಗಿತ್ತು. ಪಾಪ, ಅಲ್ಲಿದ್ದ ಹುಡುಗಿ ಬೆಳಗಿನಿಂದ ಟೀ ಕೂಡ ಕುಡಿದಿರಲಿಲ್ಲ. ಎರಡೂ ಫೈರ್‌ವಾಲ್‌ಗಳಲ್ಲಿ ಒಟ್ಟಿಗೆ ಟಿಸಿಪಿಡಂಪ್ ಹಾಕಮ್ಮ ಅಂದೆ. ಹಾದುಹೋಗುವ ಪ್ಯಾಕೆಟ್ ತೋರಿಸುವ ಟೂಲ್ ಅದು. ಒಂದರಲ್ಲಿ ಬರೀ ಸಿನ್, ಅಂದರೆ ಫೋನಿನ ಮೊದಲ ಕರೆ. ಇನ್ನೊಂದರಲ್ಲಿ ಬರೀ ಸಿನ್-ಆ್ಯಕ್, ಅಂದರೆ ಅದಕ್ಕೆ ಸರ್ವರಿನ ಉತ್ತರ. ನೋಡಿದ ತಕ್ಷಣ ಅವಳಿಗೇ ಹೊಳೆಯಿತು.

ಎರಡು ಡಬ್ಬಿಗಳ ನಡುವೆ ಹಂಚಲು, ಎರಡೂ ಕಡೆ ಸೋರ್ಸ್ ಅಡ್ರೆಸ್ (ಕಳಿಸಿದವರದು) ಮೇಲೆ ಹ್ಯಾಶ್ ಹಾಕಿದ್ದರು, ಅಂದರೆ ಅಡ್ರೆಸ್‌ನಿಂದ ಒಂದು ಲೆಕ್ಕ ಮಾಡಿ ಡಬ್ಬಿ ಆರಿಸುವುದು. ಹೋಗುವಾಗ ಸೋರ್ಸ್ ಅಂದರೆ ಫೋನು. ಬರುವಾಗ ಸೋರ್ಸ್ ಅಂದರೆ ಸರ್ವರು. ಎರಡರ ಹ್ಯಾಶ್ ಒಂದೇ ಡಬ್ಬಿಗೆ ಬಿದ್ದರೆ ಅದೃಷ್ಟ, ಇಲ್ಲದಿದ್ದರೆ ಸೈಟು ತೆರೆಯಲ್ಲ. ನ್ಯಾಟ್ ದಾಟಿ ಒಳಗೆ ಬರುವ ಕಡೆ ಡೆಸ್ಟಿನೇಶನ್ ಅಡ್ರೆಸ್ (ತಲುಪಬೇಕಾದವರದು, ಅಂದರೆ ಫೋನಿನದು) ಅಂತ ಬದಲಾಯಿಸಿದೆವು. ಒಂದೇ ಸಾಲು. ಎರಡೂ ಫೋನುಗಳಲ್ಲಿ ಬ್ಯಾಂಕು ತೆರೆಯಿತು.

ನ್ಯಾಟ್ ದಾಟಿ ಅಂದೆನಲ್ಲ, ಅದೂ ಮುಖ್ಯ. ಕೆಲವರು ಇಂಟರ್ನೆಟ್ ಕಡೆಯ ಬಾಗಿಲಲ್ಲೇ ಕ್ಲಾಸಿಫೈಯರ್ ಇಟ್ಟು, ಯಾವ ಗ್ರಾಹಕರಿಗೆ ಯಾವ ಚೈನ್ ಅಂತ ಅಲ್ಲೇ ಗುರುತಿಸಲು ಹೋಗುತ್ತಾರೆ. ಅಲ್ಲಿ ಪ್ಯಾಕೆಟ್ ಮೇಲಿರುವುದು ಎಷ್ಟೋ ಜನ ಹಂಚಿಕೊಂಡ ಪಬ್ಲಿಕ್ ಅಡ್ರೆಸ್. ಫೋನಿನ ಸ್ವಂತ ಅಡ್ರೆಸ್, ಅಂದರೆ ಕಂಪನಿಯ ಒಳಗಷ್ಟೇ ನಡೆಯುವ 100.64.0.0/10 ಥರದ್ದು, ಕಾಣುವುದು ನ್ಯಾಟ್ ಅದನ್ನು ಮತ್ತೆ ಬಿಡಿಸಿದ ಮೇಲೆಯೇ. ಗುರುತಿಸುವ ಕೆಲಸ ಅಲ್ಲಿಂದ ಒಳಗೆ ನಡೆಯಬೇಕು.

"ನಾವು ಎನ್‌ಎಸ್‌ಎಚ್ ಹಾಕಿದ್ದೇವೆ, ಅದು ನೋಡಿಕೊಳ್ಳುತ್ತೆ" ಅನ್ನುವವರೂ ಇದ್ದಾರೆ. ಎನ್‌ಎಸ್‌ಎಚ್ ಅಂದರೆ ಯಾವ ಚೈನಿನ ದಾರೀಲಿ ಹೋಗಬೇಕು ಅಂತ ಪ್ಯಾಕೆಟ್ ಮೇಲೆ ಅಂಟಿಸುವ ಚೀಟಿ, ಹೆಡರ್. 2018ರ ಆರ್‌ಎಫ್‌ಸಿ 8300 ಅನ್ನುವ ಇಂಟರ್ನೆಟ್ ತಾಂತ್ರಿಕ ದಾಖಲೆಯ ಈ ಹೆಡರ್ ಒಳ್ಳೆಯದೇ. ದಾರಿಯ ನಂಬರಿಗೆ 24 ಬಿಟ್, ದಾರಿಯಲ್ಲಿ ಎಲ್ಲಿದ್ದೇವೆ ಅನ್ನುವುದಕ್ಕೆ 8 ಬಿಟ್. ಸಾಮಾನ್ಯವಾಗಿ 255ರಿಂದ ಶುರುವಾಗಿ, ಪ್ರತಿ ಡಬ್ಬಿ ದಾಟಿದಾಗ ಒಂದು ಇಳಿಯುತ್ತದೆ. ಇಳಿಯುತ್ತದೆ, ಹತ್ತುವುದಿಲ್ಲ. ಹಾಗಾಗಿ ನ್ಯಾಟ್, ಫೈರ್‌ವಾಲ್, ಫಿಲ್ಟರ್ ಅನ್ನುವ ಉಲ್ಟಾ ಸಾಲನ್ನು ಬೇರೆ ದಾರಿಯಾಗಿ ನೀವೇ ಬರೆಯಬೇಕು. ಎಷ್ಟನೇ ಫೈರ್‌ವಾಲ್ ಅನ್ನುವುದೂ ಸೇರಿ.

ಎಲ್ಲ ಡಬ್ಬಿಗೂ ಹೀಗೆ ಎರಡೂ ದಿಕ್ಕಿನ ದಾರಿ ಬೇಕೇ ಬೇಕು ಅಂತ ನಾನು ಹೇಳಲಾರೆ. ಪ್ಯಾಕೆಟ್ ಸುಮ್ನೆ ಎಣಿಸುವ ಡಬ್ಬಿಗೆ ಒಂದು ದಿಕ್ಕು ಸಾಕಾಗಬಹುದು. 2015ರ ಆರ್‌ಎಫ್‌ಸಿ 7665 ಕೂಡ ಒಂದೇ ದಿಕ್ಕಿನ ಚೈನ್ ಒಪ್ಪುತ್ತದೆ. ಅಡ್ರೆಸ್ ಧಾರಾಳವಾಗಿರುವ ಐಪಿವಿ6ನಲ್ಲಿ ಸಾಮಾನ್ಯವಾಗಿ ನ್ಯಾಟ್ ಕಾಟ ಇರುವುದಿಲ್ಲ, ಫೈರ್‌ವಾಲ್‌ನ ನೆನಪು ಮಾತ್ರ ಅಲ್ಲೂ ಇದೆ.

ಸಹಿ ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿಸುತ್ತೇನೆ. ದೊಡ್ಡ ಫೈಲ್ ಡೌನ್‌ಲೋಡ್ ಆಗುತ್ತಿರುವಾಗ ಒಂದು ಫೈರ್‌ವಾಲ್ ಆಫ್ ಮಾಡಿಸಿ, ಉಳಿದದ್ದರ ಎರಡೂ ಕಡೆಯ ಕೌಂಟರ್ ನೋಡುತ್ತೇನೆ. ಆಮೇಲೆ ಆಫ್ ಮಾಡಿದ್ದನ್ನು ಆನ್ ಮಾಡಿಸಿ ಮತ್ತೆ ನೋಡುತ್ತೇನೆ. ಹೋಗುವುದೂ ಬರುವುದೂ ಜೊತೆಗೇ ಜಾಗ ಬದಲಿಸಬೇಕು. ರಾತ್ರಿ ಒಂದು ಗಂಟೆ ಜಾಸ್ತಿ ಹಿಡಿಯುತ್ತದೆ, ಹುಡುಗರಿಗೆ ನಿದ್ದೆ ಬಂದಿರುತ್ತದೆ. ಆದರೂ ಬಿಡುವುದಿಲ್ಲ.