ರೇಲ್ ಸೆನ್ಸರ್ ಬದಲಿಸುವ ಮೊದಲು ವೈರ್ ನೋಡಿ

ಓಡುತ್ತಿರುವ ಡೀಸೆಲ್ ಗಾಡಿ ಇದ್ದಕ್ಕಿದ್ದಂತೆ ಪಿಕಪ್ ಬಿಡುತ್ತದೆ. ಚೆಕ್ ಲೈಟ್ ಹತ್ತುತ್ತದೆ. ಪಕ್ಕಕ್ಕೆ ಹಾಕಿ, ಕೀ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗೇ ಇಲ್ಲ ಎಂಬಂತೆ ಹೊರಡುತ್ತದೆ. ಗ್ಯಾರೇಜಿಗೆ ತಂದರೆ ಅಲ್ಲಿ ಬಲು ಸಾಧು. ಸ್ಕ್ಯಾನರ್ ಹಾಕಿದರೆ ಪಿ0192 ಅಥವಾ ಪಿ0193 ಎಂಬ ತೊಂದರೆಯ ಕೋಡ್ ಸಿಗುತ್ತದೆ. ಪಕ್ಕದಲ್ಲಿ ಫ್ಯೂಯಲ್ ರೇಲ್ ಪ್ರೆಶರ್ ಸೆನ್ಸರ್ (ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಕೊಳವೆಯೇ ರೇಲ್, ಅದರ ಪ್ರೆಶರ್ ಅಳೆಯುವುದು ಈ ಸೆನ್ಸರ್) ಎಂದು ಕಂಡ ಕೂಡಲೇ ಹೊಸ ಸೆನ್ಸರ್‌ಗೆ ಫೋನ್ ಹೋಗುತ್ತದೆ. ಸಾವಿರಾರು ರೂಪಾಯಿ ಖರ್ಚಾಗುತ್ತದೆ. ಸ್ವಲ್ಪ ದಿನ ಗಾಡಿ ಚೆನ್ನಾಗಿರುತ್ತದೆ, ಆಮೇಲೆ ಮತ್ತದೇ ಕಥೆ.

ಈ ಕೋಡ್‌ಗಳು ಸೆನ್ಸರ್ ಕೆಟ್ಟಿದೆ ಎಂದು ಹೇಳುವುದಿಲ್ಲ. ಸಿಗ್ನಲ್ ವೋಲ್ಟೇಜ್ ಮಿತಿ ದಾಟಿತು ಎಂದಷ್ಟೇ ಹೇಳುತ್ತವೆ. 0192 ಬಂದರೆ ತೀರಾ ಕಡಿಮೆ, 0193 ಬಂದರೆ ತೀರಾ ಜಾಸ್ತಿ. ಸಾಮಾನ್ಯವಾಗಿ ಸೆನ್ಸರ್‌ಗೆ ಮೂರು ವೈರ್: 5 ವೋಲ್ಟ್ ಸಪ್ಲೈ, ಅರ್ತ್, ಸಿಗ್ನಲ್. ರೇಲ್‌ನಲ್ಲಿ ಪ್ರೆಶರ್ ಇಲ್ಲದಿದ್ದಾಗ ಸಿಗ್ನಲ್ ಸುಮಾರು 0.5 ವೋಲ್ಟ್, ಪೂರ್ತಿ ಪ್ರೆಶರ್‌ನಲ್ಲಿ ಸುಮಾರು 4.5. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, ಪ್ರೆಶರ್ 250ರಿಂದ 350 ಬಾರ್ ಇರುತ್ತದೆ, ಆಗ ಒಂದು ವೋಲ್ಟ್‌ಗಿಂತ ಸ್ವಲ್ಪ ಮೇಲೆ. ಸಿಗ್ನಲ್ ವೈರ್ ತುಂಡಾದರೆ ಹೆಚ್ಚಿನ ಗಾಡಿಗಳಲ್ಲಿ ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರ್‌ಗೆ) ಕಾಣುವುದು 5ರ ಹತ್ತಿರದ ವೋಲ್ಟೇಜ್. ಅಲ್ಲಿಗೆ 0193. ಸೆನ್ಸರ್ ಹೊಸದೇ ಇರಲಿ, ಹಳೆಯದೇ ಇರಲಿ, ಬರುವ ಕೋಡ್ ಒಂದೇ.

ಒಂದು ಟ್ಯಾಕ್ಸಿಯ ವಿಷಯ ಹೇಳುತ್ತೇನೆ. ಧರ್ಮಸ್ಥಳಕ್ಕೆ ಬಾಡಿಗೆ ಹೋಗಿ ವಾಪಸ್ ಬರುವಾಗ, ಚಾರ್ಮಾಡಿ ಘಾಟಿ ಹತ್ತಿ ಮೇಲಿನ ಕೊಟ್ಟಿಗೆಹಾರ ಮುಟ್ಟುವ ಮೊದಲೇ, ಎಂಜಿನ್ ತಾನೇ ಶಕ್ತಿ ತಗ್ಗಿಸಿಕೊಳ್ಳುವ ಲಿಂಪ್ ಮೋಡ್‌ಗೆ ಬೀಳುತ್ತಿತ್ತು. 'ಇಳಿಯುವಾಗ ಏನೂ ಇಲ್ಲ ಸಾರ್, ಹತ್ತುವಾಗಲೇ ಕೈ ಕೊಡುತ್ತೆ' ಎಂದ ಡ್ರೈವರ್. ಬೇರೆ ಕಡೆ ಡೀಸೆಲ್ ಫಿಲ್ಟರ್ ಬದಲಾಗಿತ್ತು, ಸೆನ್ಸರ್ರೂ ಬದಲಾಗಿತ್ತು. ಫಿಲ್ಟರ್ ಮೇಲಿನ ಅನುಮಾನ ತಪ್ಪೇನಲ್ಲ. ಏರಿನಲ್ಲಿ ಲೋಡ್ ಜಾಸ್ತಿ, ಡೀಸೆಲ್ ಜಾಸ್ತಿ ಬೇಕು, ಕಟ್ಟಿಕೊಂಡ ಫಿಲ್ಟರ್ ಅಲ್ಲೇ ಬಣ್ಣ ತೋರಿಸುತ್ತದೆ. ಹಾಗಾದರೆ ನಿಜವಾಗಿ ಪ್ರೆಶರ್ ಬಿದ್ದಿದ್ದಾ, ಅಥವಾ ಬರೀ ಸಿಗ್ನಲ್ ಹೋಗಿದ್ದಾ? ಇದನ್ನು ಸ್ಕ್ಯಾನರ್ ಗ್ರಾಫಿನ ಗೆರೆಯ ಆಕಾರ ಹೇಳುತ್ತದೆ.

ಸ್ಕ್ಯಾನರ್‌ನಲ್ಲಿ ಇಸಿಯು ಕೇಳುವ ಪ್ರೆಶರ್, ನಿಜವಾಗಿ ಸಿಕ್ಕ ಪ್ರೆಶರ್ ಮತ್ತು ಸೆನ್ಸರ್ ವೋಲ್ಟೇಜ್, ಈ ಮೂರನ್ನೇ ಗ್ರಾಫ್‌ಗೆ ಹಾಕಿ. ಸುಮ್ನೆ ಇಪ್ಪತ್ತು ಐಟಂ ಟಿಕ್ ಮಾಡಿದರೆ ಡೇಟಾ ನಿಧಾನವಾಗಿ ಬರುತ್ತದೆ, ಕ್ಷಣದ ತೊಂದರೆ ನಡುವೆ ಜಾರಿಹೋಗುತ್ತದೆ. ಡೀಸೆಲ್ ಸಾಲದೆ ಹೋದರೆ ಸಿಕ್ಕ ಪ್ರೆಶರ್‌ನ ಗೆರೆ ಕೇಳಿದ್ದಕ್ಕಿಂತ ಕೆಳಗೆ ಉಳಿದು ಇಳಿಜಾರಾಗಿ ಬೀಳುತ್ತದೆ. ಆಗ ಬರುವ ಕೋಡ್ ಹೆಚ್ಚಾಗಿ ಪಿ0087, ಅಂದರೆ ರೇಲ್ ಪ್ರೆಶರ್ ತೀರಾ ಕಡಿಮೆ. ವೈರ್ ತೊಂದರೆಯಾದರೆ ಗೆರೆ ಇಳಿಯುವುದಿಲ್ಲ, ನೆಟ್ಟಗೆ ಹಾರುತ್ತದೆ. ಈ ಟ್ಯಾಕ್ಸಿಯಲ್ಲಿ 900 ಬಾರ್ ಆಸುಪಾಸಿನಲ್ಲಿದ್ದಾಗ ವೋಲ್ಟೇಜ್ ಒಂದೇ ನೆಗೆತಕ್ಕೆ 5ರ ಹತ್ತಿರ ಹೋಗಿ ಕೂತಿತು. ಯಾವ ಪಂಪೂ ಅಷ್ಟು ಬೇಗ ಪ್ರೆಶರ್ ಏರಿಸಲಾರದು. ಫಿಲ್ಟರ್, ಪಂಪ್, ಇಂಜೆಕ್ಟರ್ ಎಲ್ಲಾ ಅಲ್ಲಿಗೆ ಬಿಟ್ಟೆವು.

ಗ್ಯಾರೇಜಿನಲ್ಲಿ ಗಾಡಿಯನ್ನು ಐಡಲ್‌ನಲ್ಲಿಟ್ಟು ಕನೆಕ್ಟರ್ ಅಲ್ಲಾಡಿಸಿದರೆ ವೋಲ್ಟೇಜ್ ಕದಲಲಿಲ್ಲ. ವೈರಿನ ತಡೆ ಅಳೆಯುವ ಓಮ್ ಮೀಟರ್ ಹಿಡಿದರೂ ವೈರ್ ಸರಿ ಎಂದೇ ತೋರಿಸಿತು. ಓಮ್ ಮೀಟರನ್ನು ಇಂಥ ಕಡೆ ನಾನು ಅಷ್ಟಾಗಿ ನಂಬುವುದಿಲ್ಲ. ಒಳಗೆ ಒಂದೇ ಒಂದು ತಾಮ್ರದ ಎಳೆ ಉಳಿದಿದ್ದರೂ ಅದು ಪಾಸ್ ಮಾಡುತ್ತದೆ. ವೈರಿನ ಎರಡೂ ತುದಿ ಬಿಡಿಸಿ ಸಣ್ಣ ಬಲ್ಬ್ ಉರಿಸಿ ನೋಡಿದರೆ ನಿಜ ಗೊತ್ತಾಗುತ್ತದೆ.

ಹತ್ತುವಾಗ ಮಾತ್ರ ಯಾಕೆ ಎಂಬುದಕ್ಕೂ ಉತ್ತರ ಬೇಕಲ್ವಾ? ಲೋಡ್ ಬಿದ್ದಾಗ ಎಂಜಿನ್ ತನ್ನ ಮೌಂಟಿಂಗ್ ಮೇಲೆ ವಾಲುತ್ತದೆ. ಒಬ್ಬರು ಬ್ರೇಕ್ ಒತ್ತಿ, ಗೇರ್ ಹಾಕಿ, ಕ್ಲಚ್ ಸ್ವಲ್ಪವೇ ಬಿಟ್ಟಾಗ ಇನ್ನೊಬ್ಬರು ಪಕ್ಕದಿಂದ ನೋಡಿದೆವು. ಗಾಡಿಯ ಮುಂದೆ ಮಾತ್ರ ಯಾರೂ ನಿಲ್ಲಬಾರದು. ಎಂಜಿನ್ ವಾಲಿದಾಗ ಒಂದು ಬ್ರಾಕೆಟ್ ಹತ್ತಿರ ವೈರಿನ ಕಟ್ಟು ಬಿಗಿಯಾಗುತ್ತಿತ್ತು, ಅಲ್ಲಿ ಸಡಿಲವೇ ಇರಲಿಲ್ಲ. ಟೇಪ್ ಬಿಚ್ಚಿ ಮೂರೂ ವೈರ್‌ಗಳನ್ನು ಒಂದೊಂದಾಗಿ ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದೆವು. ಎರಡು ಗಟ್ಟಿಯಾಗಿದ್ದವು. ಸಿಗ್ನಲ್ ವೈರ್ ಒಂದು ಕಡೆ ಮಾತ್ರ ಮೆತ್ತಗೆ ಹಿಗ್ಗಿತು. ಮೇಲಿನ ಪ್ಲಾಸ್ಟಿಕ್ ಹೊಸದರಂತೆ ಹೊಳೆಯುತ್ತಿತ್ತು, ಒಳಗಿನ ತಾಮ್ರ ತುಂಡಾಗಿತ್ತು. ಸೆನ್ಸರ್ ಬದಲಿಸಿದಾಗ ಕಟ್ಟು ಕದಲಿ ಆ ತುದಿಗಳು ಕೂಡಿಕೊಂಡಿರಬೇಕು, ಅದಕ್ಕೇ ಸ್ವಲ್ಪ ದಿನ ನೆಮ್ಮದಿ.

ಸೆನ್ಸರ್ ಕೆಡುವುದೇ ಇಲ್ಲ ಎಂದಲ್ಲ. ರಾತ್ರಿಯೆಲ್ಲಾ ನಿಂತ ಗಾಡಿಯಲ್ಲಿ ಬೆಳಿಗ್ಗೆ ಕೀ ಮಾತ್ರ ಆನ್ ಮಾಡಿ ನೋಡಿ. ಪ್ರೆಶರ್ ಸೊನ್ನೆಯ ಹತ್ತಿರ ಇರಬೇಕು. 40, 50 ಬಾರ್ ತೋರಿಸಿದರೆ ಸೆನ್ಸರ್ ಮೇಲೆ ಅನುಮಾನ ಪಡಬಹುದು. ಆಗಲೂ ಮೊದಲು ಅರ್ತ್ ನೋಡಿ. ಅರ್ತ್ ವೈರಿನಲ್ಲಿ ತಡೆ ಇದ್ದರೆ ಸಿಗ್ನಲ್ ಸುಳ್ಳು ಸುಳ್ಳೇ ಏರುತ್ತದೆ. ಪ್ರೆಶರ್ ಸಾಕಷ್ಟಿದೆ ಎಂದುಕೊಂಡ ಇಸಿಯು ಅದನ್ನು ಇಳಿಸುತ್ತದೆ, ಗಾಡಿ ಎಳೆಯುವುದಿಲ್ಲ. ಆಕ್ಸಿಲರೇಟರ್ ಪೆಡಲ್‌ನಂಥ ಬೇರೆ ಸೆನ್ಸರ್‌ಗಳ ಕೋಡೂ ಒಟ್ಟಿಗೇ ಬಂದಿದ್ದರೆ, ಅವೆಲ್ಲಾ ಹಂಚಿಕೊಳ್ಳುವ 5 ವೋಲ್ಟ್ ಲೈನನ್ನು ಹುಡುಕಿ. ಮಳೆಗಾಲದಲ್ಲಿ ಬಾನೆಟ್ ಒಳಗೆ ಇಲಿ ಬಂದು ಹೋಗಿದೆಯಾ ಎಂದೂ ನೋಡಿ.

ಪಿನ್ ಒಳಗೆ ದಪ್ಪ ಸೂಜಿ ತುರುಕಬೇಡಿ, ಪಿನ್ ಅಗಲವಾಗಿ ಹೊಸ ಲೂಸ್ ಕನೆಕ್ಷನ್ ಹುಟ್ಟುತ್ತದೆ. ಎಂಜಿನ್ ಓಡುವಾಗ ರೇಲ್‌ನ ಯಾವ ನಟ್ಟನ್ನೂ ಮುಟ್ಟಬೇಡಿ, ಆ ಪ್ರೆಶರ್‌ನ ಡೀಸೆಲ್ ಚರ್ಮವನ್ನೇ ತೂರುತ್ತದೆ.

ಗಾಡಿ ಮಾಲೀಕರು ಮಾಡಬಹುದಾದ ಕೆಲಸವೂ ಇದೆ. ತೊಂದರೆ ಬಂದಾಗ ಏರಿತ್ತಾ, ಮಳೆಯಿತ್ತಾ, ಎಂಜಿನ್ ಎಷ್ಟು ಬಿಸಿಯಿತ್ತು, ಟ್ಯಾಂಕ್‌ನಲ್ಲಿ ಎಷ್ಟು ಡೀಸೆಲ್ ಇತ್ತು ಎಂದು ಮೊಬೈಲ್‌ನಲ್ಲಿ ಬರೆದಿಡಿ. ಕೋಡ್ ಅಳಿಸುವ ಮೊದಲು ಫ್ರೀಜ್ ಫ್ರೇಮ್‌ನ ಫೋಟೋ ತೆಗೆಯಲು ಮೆಕ್ಯಾನಿಕ್‌ಗೆ ಹೇಳಿ. ಕೋಡ್ ಬಂದ ಕ್ಷಣದ ಸ್ಪೀಡ್, ಆರ್‌ಪಿಎಂ, ಲೋಡ್ ಅದರಲ್ಲಿ ಇರುತ್ತವೆ. ಒಮ್ಮೆ ಕ್ಲಿಯರ್ ಒತ್ತಿದರೆ ಅವು ಹೋದವು, ಮುಂದಿನ ಸಲ ಗಾಡಿ ನಿಲ್ಲುವವರೆಗೆ ಕಾಯಬೇಕು.