ಸಭಾಕಂಪ ಮತ್ತು ಆತ್ಮವಿಶ್ವಾಸ: ಒಂದು ಅಧ್ಯಯನ ಟಿಪ್ಪಣಿ

ವೇದಿಕೆ ಹತ್ತಬೇಕಾದರೆ ಆತ್ಮವಿಶ್ವಾಸ ಬೇಕು, ಅದು ಬಂದ ಮೇಲೆ ಮಾತನಾಡಿದರಾಯಿತು ಎಂದು ಬಹಳಷ್ಟು ಮಂದಿ ಕಾಯುತ್ತಾ ಕೂರುತ್ತಾರೆ. ಮನಶ್ಶಾಸ್ತ್ರ ಹೇಳುವ ಕ್ರಮ ಇದಕ್ಕೆ ವಿರುದ್ಧ: ಮಾತು ಮೊದಲು, ವಿಶ್ವಾಸ ಆಮೇಲೆ. ಹಾಗೆಂದು ಪ್ರತಿಯೊಂದು ಭಾಷಣವೂ ವಿಶ್ವಾಸವನ್ನು ಬೆಳೆಸುತ್ತದೆ ಎನ್ನುವಂತಿಲ್ಲ. ವರ್ಷಗಟ್ಟಲೆ ಮೈಕಿನ ಮುಂದೆ ನಿಂತೂ ಒಳಗೊಳಗೇ ನಡುಗುವವರಿದ್ದಾರೆ. ಒಬ್ಬರಿಗೆ ಅಭ್ಯಾಸ ಫಲಿಸಿ, ಇನ್ನೊಬ್ಬರಿಗೆ ಫಲಿಸದಿರುವುದು ಏಕೆ? ಮನಶ್ಶಾಸ್ತ್ರದ ಪಠ್ಯದಲ್ಲಿ ಚದುರಿಹೋಗಿರುವ ಸಿದ್ಧಾಂತಗಳನ್ನು ಈ ಪ್ರಶ್ನೆಯ ಸುತ್ತ ಜೋಡಿಸಿಕೊಂಡರೆ ನೆನಪಿನಲ್ಲಿಡುವುದು ಸುಲಭ.

ನಂಬಿಕೆಯ ನಾಲ್ಕು ಮೂಲಗಳು

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಮಂಡಿಸಿದ ಸಿದ್ಧಾಂತದಿಂದ ಆರಂಭಿಸೋಣ. ‘ಈ ಕೆಲಸ ನನ್ನಿಂದ ಆಗುತ್ತದೆ’ ಎಂಬ ಭಾವನೆಯನ್ನು ಸ್ವಸಾಮರ್ಥ್ಯದ ನಂಬಿಕೆ ಎನ್ನಬಹುದು. ಅದು ನಾಲ್ಕು ಕಡೆಯಿಂದ ಹುಟ್ಟುತ್ತದೆ ಎನ್ನುತ್ತಾರೆ ಬಂಡೂರ: ಸ್ವತಃ ಮಾಡಿ ಗೆದ್ದ ಅನುಭವ, ನಮ್ಮಂಥವರೇ ಮಾಡುವುದನ್ನು ನೋಡುವುದು, ಇತರರ ಪ್ರೋತ್ಸಾಹದ ಮಾತು, ಮತ್ತು ನಮ್ಮದೇ ದೇಹ ಕೊಡುವ ಸೂಚನೆಗಳು.

ಇವುಗಳಲ್ಲಿ ಅತ್ಯಂತ ಬಲವಾದದ್ದು ಮೊದಲನೆಯದು. ಪ್ರೋತ್ಸಾಹದ ಮಾತಿನ ಪರಿಣಾಮ ಅದಕ್ಕಿಂತ ದುರ್ಬಲ. ಅನುಭವ ಅದನ್ನು ಸುಳ್ಳಾಗಿಸಿದೊಡನೆ ಕರಗಿಹೋಗುತ್ತದೆ. ಸ್ಫೂರ್ತಿಯ ಉಪನ್ಯಾಸ ಕೇಳಿ ಮೂಡಿದ ಉತ್ಸಾಹ ಬೇಗ ಇಳಿದುಹೋಗುವುದೂ ಇದರಿಂದಲೇ. ಇಂಥ ಉಪನ್ಯಾಸಗಳಿಗೆ ಕಾಲ, ಹಣ ಎರಡನ್ನೂ ನಾವು ಅತಿಯಾಗಿ ಕೊಡುತ್ತಿದ್ದೇವೆ ಎಂಬುದು ನನ್ನ ಅನಿಸಿಕೆ. ಎರಡನೆಯ ಮೂಲದಲ್ಲೂ ಒಂದು ಸೂಕ್ಷ್ಮವಿದೆ. ಪ್ರಖ್ಯಾತ ವಾಗ್ಮಿಯ ವಿಡಿಯೊ ನೋಡಿದರೆ ‘ಅವರೆಲ್ಲಿ, ನಾನೆಲ್ಲಿ’ ಎಂಬ ಭಾವವೇ ಬರಬಹುದು. ನಮ್ಮ ಮಟ್ಟದ ಸಹಪಾಠಿ ಮೊದಮೊದಲು ತಡವರಿಸಿ, ಆಮೇಲೆ ಸಾವರಿಸಿಕೊಂಡು ಮುಗಿಸುವುದನ್ನು ನೋಡುವುದು ಹೆಚ್ಚು ಉಪಯುಕ್ತ.

ದೇಹ ಏನು ಹೇಳುತ್ತಿದೆ?

ಎದೆ ಬಡಿತ, ಒಣಗಿದ ಬಾಯಿ, ಬೆವರುವ ಅಂಗೈ ಇವೆಲ್ಲ ಒತ್ತಡಕ್ಕೆ ದೇಹ ತೋರುವ ಸಹಜ ಪ್ರತಿಕ್ರಿಯೆ. ಸಭಿಕರ ಎದುರು ನಿಲ್ಲುವುದು ದೇಹಕ್ಕೆ ಎಷ್ಟು ದೊಡ್ಡ ಒತ್ತಡವೆಂದರೆ, ಪ್ರಯೋಗಾಲಯದಲ್ಲಿ ಒತ್ತಡವನ್ನು ಹುಟ್ಟಿಸಲು ಸಂಶೋಧಕರು ಭಾಷಣವನ್ನೇ ಬಳಸುತ್ತಾರೆ. ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದ ಸಂಶೋಧಕರು 1993ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಮುಖದಲ್ಲಿ ಯಾವ ಭಾವವನ್ನೂ ತೋರಿಸದ ತೀರ್ಪುಗಾರರ ಎದುರು 5 ನಿಮಿಷ ಮಾತು, ಮತ್ತೆ 5 ನಿಮಿಷ ಬಾಯಿಲೆಕ್ಕ. ಭಾಗವಹಿಸಿದವರ ದೇಹದಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನಿನ ಮಟ್ಟ ಗಮನಾರ್ಹವಾಗಿ ಏರುತ್ತದೆ. ಆದ್ದರಿಂದ ನಡುಕ ಬಂದರೆ ಅದು ವ್ಯಕ್ತಿತ್ವದ ದೋಷವಲ್ಲ.

ಈ ಏರಿದ ಶಕ್ತಿ ಒಳ್ಳೆಯದೋ ಕೆಟ್ಟದ್ದೋ? ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯನ್ಸ್ 1965ರಲ್ಲಿ ಕೊಟ್ಟ ವಿವರಣೆ ಇಲ್ಲಿ ನೆರವಿಗೆ ಬರುತ್ತದೆ. ಇತರರ ಉಪಸ್ಥಿತಿ ನಮ್ಮ ಉದ್ರೇಕವನ್ನು, ಅಂದರೆ ದೇಹ-ಮನಸ್ಸುಗಳ ಚುರುಕನ್ನು, ಹೆಚ್ಚಿಸುತ್ತದೆ. ಉದ್ರೇಕ ಹೆಚ್ಚಿದಾಗ ನಮ್ಮಲ್ಲಿ ಯಾವ ಪ್ರತಿಕ್ರಿಯೆ ಬೇರೂರಿದೆಯೋ ಅದೇ ಹೊರಬರುತ್ತದೆ. ಚೆನ್ನಾಗಿ ಕಲಿತದ್ದಾದರೆ ಸಭೆಯಲ್ಲಿ ಇನ್ನೂ ಚೆನ್ನಾಗಿ ಬರುತ್ತದೆ, ಅರೆಬರೆ ಕಲಿತದ್ದು ಇನ್ನಷ್ಟು ಕೆಡುತ್ತದೆ. ‘ಮನೆಯಲ್ಲಿ ಸರಿಯಾಗಿಯೇ ಬಂದಿತ್ತು, ಅಲ್ಲಿ ಹೋದಾಗ ಮರೆತೇಹೋಯಿತು’ ಎಂಬ ದೂರಿನ ಹಿಂದೆ ಇರುವುದು ಬಹುತೇಕ ಇದೇ. ಸಾಮಾನ್ಯವಾಗಿ ಆತಂಕ ಅತಿ ಹೆಚ್ಚಾಗಿರುವುದು ಆರಂಭದ ಆಸುಪಾಸಿನಲ್ಲಿ. ಅಂದಮೇಲೆ ಮೊದಲ ನಾಲ್ಕೈದು ವಾಕ್ಯಗಳನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವಷ್ಟು ಪಳಗಿಸಿಕೊಳ್ಳಬೇಕು. ಉಳಿದದ್ದಕ್ಕೆ ಮುಖ್ಯಾಂಶಗಳು ಸಾಕು. ಇಡೀ ಭಾಷಣವನ್ನು ಕಂಠಪಾಠ ಮಾಡಿದವನು ಒಂದು ಪದ ಜಾರಿದರೆ ಮುಂದಿನ ಸಾಲನ್ನೂ ಕಳೆದುಕೊಳ್ಳುತ್ತಾನೆ.

‘ಶಾಂತವಾಗಿರು’ ಎಂದು ಮನಸ್ಸಿಗೆ ಆಜ್ಞೆ ಕೊಡುವುದು ಅಷ್ಟಾಗಿ ಫಲಿಸುವುದಿಲ್ಲ. ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣಕ್ಕೆ ಮುನ್ನ ‘ನಾನು ಶಾಂತವಾಗಿದ್ದೇನೆ’ ಎಂದುಕೊಂಡವರಿಗಿಂತ ‘ನನಗೆ ಉತ್ಸಾಹವಾಗುತ್ತಿದೆ’ ಎಂದುಕೊಂಡವರು ಚೆನ್ನಾಗಿ ಮಾತನಾಡಿದರು. ಓಡುತ್ತಿರುವ ಎದೆಬಡಿತವನ್ನು ನಿಲ್ಲಿಸುವುದು ಕಷ್ಟ. ಅದಕ್ಕೆ ಬೇರೆ ಹೆಸರಿಡುವುದು ಸುಲಭ.

ನನ್ನ ನಡುಕ ಎಲ್ಲರಿಗೂ ಕಾಣುತ್ತಿದೆಯೇ?

ಇಲ್ಲ, ಅಥವಾ ನಾವು ಅಂದುಕೊಂಡಷ್ಟು ಕಾಣುವುದಿಲ್ಲ. ಪರೀಕ್ಷೆಯ ದೃಷ್ಟಿಯಿಂದಲೂ ಬದುಕಿನ ದೃಷ್ಟಿಯಿಂದಲೂ ಈ ಭಾಗ ನನಗೆ ಅತಿ ಮುಖ್ಯವೆನಿಸುತ್ತದೆ. ನಮ್ಮ ಒಳಗಿನ ತಳಮಳ ಹೊರಗಿನವರಿಗೆ ಸ್ಪಷ್ಟವಾಗಿ ಗೋಚರಿಸುತ್ತಿದೆ ಎಂದು ನಾವು ಅತಿಯಾಗಿ ಅಂದಾಜು ಮಾಡುತ್ತೇವೆ. ಇದಕ್ಕೆ ಪಾರದರ್ಶಕತೆಯ ಭ್ರಮೆ ಎಂದು ಹೆಸರು. ಕೆನೆತ್ ಸಾವಿಟ್ಸ್ಕಿ ಮತ್ತು ಥಾಮಸ್ ಗಿಲೊವಿಚ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾತನಾಡುವವರಿಗೆ ಮೊದಲೇ ಈ ಭ್ರಮೆಯ ಬಗ್ಗೆ ತಿಳಿಸಿದಾಗ ಅವರ ಭಾಷಣದ ಗುಣಮಟ್ಟವೇ ಸುಧಾರಿಸಿತು. ಅವರ ಸ್ವಂತ ಅಂದಾಜಿನಲ್ಲಷ್ಟೇ ಅಲ್ಲ, ಕೇಳಿದವರ ಅಂದಾಜಿನಲ್ಲೂ.

ಹೆದರಿಕೆ ಹೇಗೆ ದುಪ್ಪಟ್ಟಾಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಮೊದಲು ಆತಂಕ, ಆಮೇಲೆ ಆ ಆತಂಕ ಎಲ್ಲರಿಗೂ ಗೊತ್ತಾಗುತ್ತಿದೆಯೆಂಬ ಇನ್ನೊಂದು ಆತಂಕ. ಎರಡನೆಯದನ್ನು ತೆಗೆದುಹಾಕಲು ಅತ್ಯುತ್ತಮ ಸಾಧನ ಮೊಬೈಲ್ ಕ್ಯಾಮೆರಾ. ಮಾತನಾಡಿದ್ದನ್ನು ಚಿತ್ರೀಕರಿಸಿಕೊಳ್ಳಿ, ನೋಡುವ ಮುನ್ನ ‘ಕೈ ಎಷ್ಟು ನಡುಗಿರಬಹುದು, ಎಷ್ಟು ಹೊತ್ತು ತಡವರಿಸಿರಬಹುದು’ ಎಂದು ಬರೆದಿಟ್ಟುಕೊಳ್ಳಿ. ಆಮೇಲೆ ಅಪರಿಚಿತರನ್ನು ನೋಡುವಂತೆ ನೋಡಿ, ತಾಳೆಹಾಕಿ. ಅನಂತಕಾಲ ಎನಿಸಿದ್ದ ಮೌನ ಪರದೆಯ ಮೇಲೆ ಒಂದು ಸಹಜ ವಿರಾಮದಂತೆ ಕಾಣುವುದುಂಟು.

ಊರುಗೋಲುಗಳ ಸಮಸ್ಯೆ

ಅಭ್ಯಾಸ ಕೆಲವರಿಗೆ ಏಕೆ ಫಲಿಸುವುದಿಲ್ಲ ಎಂಬ ಆರಂಭದ ಪ್ರಶ್ನೆಗೆ ಉತ್ತರ ಇಲ್ಲಿದೆ. ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ಮಂಡಿಸಿದ ಸಾಮಾಜಿಕ ಆತಂಕದ ಮಾದರಿಯಲ್ಲಿ ‘ಸುರಕ್ಷತಾ ವರ್ತನೆ’ ಎಂಬ ಪರಿಕಲ್ಪನೆ ಬರುತ್ತದೆ. ಅನಾಹುತ ತಪ್ಪಿಸಲೆಂದು ನಾವು ಮಾಡಿಕೊಳ್ಳುವ ಉಪಾಯಗಳಿವು: ಕಾಗದದಿಂದ ತಲೆ ಎತ್ತದೆ ಓದುವುದು, ಉಸಿರು ಬಿಡದೆ ಬೇಗಬೇಗ ಮುಗಿಸುವುದು, ಪೋಡಿಯಂ ಅನ್ನು ಬಿಗಿಯಾಗಿ ಹಿಡಿದು ನಿಲ್ಲುವುದು. ಭಾಷಣ ಹೇಗೋ ಮುಗಿಯುತ್ತದೆ. ಆದರೆ ಮನಸ್ಸು ತೀರ್ಮಾನಿಸುವುದು ‘ಕಾಗದ ಇದ್ದುದರಿಂದ ಬಚಾವಾದೆ’ ಎಂದು. ಗೆಲುವಿನ ಶ್ರೇಯಸ್ಸು ಕಾಗದಕ್ಕೆ ಹೋಯಿತು; ನಮ್ಮ ಪಾಲಿಗೆ ಏನೂ ಉಳಿಯಲಿಲ್ಲ. ಹೀಗೆ ಎಷ್ಟು ಭಾಷಣ ಮಾಡಿದರೂ ಬಂಡೂರ ಹೇಳಿದ ಮೊದಲ ಮೂಲ, ಅಂದರೆ ಸ್ವತಃ ಮಾಡಿ ಗೆದ್ದ ಅನುಭವ, ಬತ್ತಿಯೇ ಇರುತ್ತದೆ.

ಆದ್ದರಿಂದ ಅಭ್ಯಾಸದಲ್ಲಿ ಸಭೆಯನ್ನು ದೊಡ್ಡದು ಮಾಡುತ್ತಾ ಹೋಗುವಷ್ಟೇ ಮುಖ್ಯವಾದುದು ಊರುಗೋಲನ್ನು ಒಂದೊಂದಾಗಿ ಬಿಡುವುದು. ಪೂರ್ಣ ಬರಹದಿಂದ ಮುಖ್ಯಾಂಶಗಳ ಚೀಟಿಗೆ, ಚೀಟಿಯಿಂದ ನಾಲ್ಕು ಪದಗಳಿಗೆ ಇಳಿಯಬಹುದು. ಒಂದು ವಾಕ್ಯ ಮುಗಿಯುವವರೆಗೆ ಒಬ್ಬರ ಮುಖವನ್ನೇ ನೋಡಿ, ಮುಂದಿನ ವಾಕ್ಯಕ್ಕೆ ಇನ್ನೊಬ್ಬರತ್ತ ತಿರುಗುವುದು ಒಳ್ಳೆಯ ಅಭ್ಯಾಸ. ಗಮನ ನಮ್ಮ ಮೇಲಿನಿಂದ ಸರಿದು ಅವರ ಮೇಲೆ ನೆಲೆಸುತ್ತದೆ. ಗುಂಪಿನಲ್ಲಿ ಕಲಿಯುವ ಅವಕಾಶವಿದ್ದರೆ ಬಿಡಬೇಡಿ. 1924ರಲ್ಲಿ ಅಮೆರಿಕದಲ್ಲಿ ರಾಲ್ಫ್ ಸ್ಮೆಡ್ಲಿ ಆರಂಭಿಸಿದ ಟೋಸ್ಟ್‌ಮಾಸ್ಟರ್ಸ್ ಕೂಟಗಳಲ್ಲಿ ಒಬ್ಬರು ಸಮಯ ನೋಡುತ್ತಾರೆ, ಒಬ್ಬರು ‘ಅ... ಅ...’ ಎಂಬ ತಡವರಿಕೆಗಳನ್ನು ಎಣಿಸುತ್ತಾರೆ, ಮತ್ತೊಬ್ಬರು ವಿಮರ್ಶೆ ಮಾಡುತ್ತಾರೆ. ನಾಲ್ಕೈದು ಗೆಳೆಯರು ಸೇರಿ ಇದೇ ಏರ್ಪಾಡನ್ನು ಮಾಡಿಕೊಳ್ಳಬಹುದು.

ಸಂವಹನದಲ್ಲಿ ಪದಗಳ ಪಾಲು ಶೇ. 7 ಮಾತ್ರ, ಉಳಿದದ್ದೆಲ್ಲ ದನಿ ಮತ್ತು ಹಾವಭಾವ ಎಂದು ತರಬೇತಿಗಳಲ್ಲಿ ಹೇಳುವುದನ್ನು ಕೇಳಿರುತ್ತೀರಿ. ಅದನ್ನು ನಂಬಿ ಕನ್ನಡಿಯ ಮುಂದೆ ಕೈಬೀಸುವುದರಲ್ಲೇ ಹೊತ್ತು ಕಳೆಯಬೇಡಿ. ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಬಂದ ಅಂಕಿ ಅದು. ಅಲ್ಲಿ ಪರೀಕ್ಷಿಸಿದ್ದು ಬಿಡಿ ಪದಗಳಲ್ಲಿ ವ್ಯಕ್ತವಾಗುವ ಇಷ್ಟಾನಿಷ್ಟಗಳನ್ನು, ಭಾಷಣಗಳನ್ನಲ್ಲ.

ಮುಗಿದ ಮೇಲೆ ಮತ್ತು ಮಿತಿಗಳು

ಭಾಷಣದ ರಾತ್ರಿ ತಪ್ಪುಗಳನ್ನೇ ಮೆಲುಕು ಹಾಕುವುದು ಆತಂಕವನ್ನು ಉಳಿಸುವ ಸರಪಳಿಯಲ್ಲಿ ಕ್ಲಾರ್ಕ್ ಮತ್ತು ವೆಲ್ಸ್ ಗುರುತಿಸಿದ ಇನ್ನೊಂದು ಕೊಂಡಿ. ಇಳಿದು ಬಂದ ಕೂಡಲೇ, ನೆನಪು ಬಣ್ಣ ಬದಲಿಸುವ ಮೊದಲೇ, ಮಾಡಿದ್ದನ್ನು ಎರಡು ಸಾಲು ಬರೆದಿಡುವುದು ಇದಕ್ಕೆ ತಡೆ. ‘ಚೆನ್ನಾಗಿತ್ತು’, ‘ಕೆಟ್ಟದಾಗಿತ್ತು’ ಬೇಡ. ‘ಚೀಟಿ ನೋಡದೆ ಆರಂಭಿಸಿದೆ, ಪ್ರಶ್ನೆಗೆ ಉತ್ತರಿಸಿದೆ’ ಎಂಬಂಥ ಸಂಗತಿಗಳು ಇರಲಿ.

ಭಾಷಣ ಕಲಿತರೆ ಬದುಕಿನ ಎಲ್ಲ ರಂಗಗಳಲ್ಲೂ ಆತ್ಮವಿಶ್ವಾಸ ಉಕ್ಕುತ್ತದೆ ಎಂಬ ಜಾಹೀರಾತಿನ ಮಾತನ್ನು ಉತ್ತರಪತ್ರಿಕೆಯಲ್ಲಿ ಬರೆಯಬೇಡಿ. ಬಂಡೂರ ಅವರ ಪ್ರಕಾರ ಸ್ವಸಾಮರ್ಥ್ಯದ ನಂಬಿಕೆ ಆಯಾ ಕ್ಷೇತ್ರಕ್ಕೆ ಅಂಟಿಕೊಂಡಿರುತ್ತದೆ. ಸಂದರ್ಶನ, ಚರ್ಚೆ, ಪಾಠ ಹೇಳುವುದು ಇಂಥ ಹತ್ತಿರದ ಸಂದರ್ಭಗಳಿಗೆ ಅದು ಹರಿಯಬಹುದು. ಗಣಿತದ ಭಯವನ್ನು ಅದು ಓಡಿಸುವುದಿಲ್ಲ. ಹಾಗೆಯೇ, ಹೆದರಿಕೆಯಿಂದಾಗಿ ತರಗತಿ ಅಥವಾ ಕೆಲಸವನ್ನೇ ಬಿಡುವ ಮಟ್ಟಕ್ಕೆ ಹೋದವರಿಗೆ ಗೆಳೆಯರ ಅಭ್ಯಾಸಕೂಟ ಸಾಲದು. ಅದು ಸಾಮಾಜಿಕ ಆತಂಕದ ಕಾಯಿಲೆಯಿರಬಹುದು. ಯೋಚನೆ ಮತ್ತು ನಡವಳಿಕೆಯ ರೀತಿಯನ್ನು ಬದಲಿಸಲು ಕಲಿಸುವ ಅರಿವಿನ ವರ್ತನಾ ಚಿಕಿತ್ಸೆ ಅದಕ್ಕೆ ಪರಿಣಾಮಕಾರಿ ಎಂಬುದು ಸಾಬೀತಾಗಿರುವುದರಿಂದ ಮನೋವೈದ್ಯರನ್ನೋ ಚಿಕಿತ್ಸಾ ಮನಶ್ಶಾಸ್ತ್ರಜ್ಞರನ್ನೋ ಕಾಣಬೇಕು.