ಮೊದಲು ಡೈವ್, ಆಮೇಲೆ ಸರ್ಫ್: ದ್ವೀಪಕ್ಕೆ ಹೊರಟವರಿಗೆ

ಬೆನ್ನಿಗೊಂದು ಬ್ಯಾಗ್ ಏರಿಸಿಕೊಂಡು ಹತ್ತು-ಹನ್ನೆರಡು ದಿನಕ್ಕೆ ಅಂಡಮಾನ್‌ಗೋ ಬಾಲಿಗೋ ಹೊರಡುವವರಲ್ಲಿ ಹಲವರು ಸ್ಕೂಬಾ, ಸರ್ಫಿಂಗ್ ಎರಡನ್ನೂ ಅಲ್ಲೇ ಕಲಿತು ಬರುವ ಆಸೆ ಇಟ್ಟುಕೊಂಡಿರುತ್ತಾರೆ. ಆಗದ ಕೆಲಸವೇನಲ್ಲ. ಎಡವಟ್ಟಾಗುವುದು ಕ್ರಮದಲ್ಲಿ. ಮೊದಲ ದಿನಗಳಲ್ಲಿ ಅಲೆ, ಕೊನೆಯಲ್ಲಿ ಡೈವಿಂಗ್ ಎಂದು ಯೋಜನೆ ಹಾಕಿದರೆ ಎರಡೂ ಕೆಡುವ ಸಾಧ್ಯತೆ ಹೆಚ್ಚು. ಸರ್ಫ್ ಕಲಿಯುವಾಗ ಬಿದ್ದಾಗಲೆಲ್ಲ ಮೂಗಿಗೆ ಉಪ್ಪುನೀರು ನುಗ್ಗುತ್ತದೆ. ಎರಡು ದಿನ ಹೀಗಾದರೆ ಮೂಗಿನ ಒಳಪೊರೆ ಊದಿ, ಗಂಟಲಿನಿಂದ ಕಿವಿಗೆ ಗಾಳಿ ಹೋಗುವ ನಳಿಗೆ ಕಟ್ಟಿಕೊಳ್ಳಬಹುದು. ಆಮೇಲೆ ಮೂರು ಮೀಟರ್ ಇಳಿಯುವುದೂ ಕಷ್ಟ. ಬಂಡೆ ಅಥವಾ ಹವಳ ತರಚಿದ ಗಾಯವಿದ್ದರೆ ನೀರಿಗಿಳಿಯುವುದೇ ಬೇಡ. ಅದರ ಮೇಲೆ, ಡೈವ್ ಮುಗಿದ ಬೆನ್ನಿಗೇ ವಿಮಾನ ಹತ್ತುವಂತಿಲ್ಲ.

ಆದ್ದರಿಂದ ಡೈವ್ ಕೋರ್ಸ್ ಮೊದಲು ಮುಗಿಸಿ. ಕೊನೆಯ ಒಂದೆರಡು ದಿನ ಸರ್ಫ್‌ಗೆ ಇರಲಿ, ವಿಮಾನಕ್ಕೆ ಬೇಕಾದ ಅಂತರವೂ ಅದರಲ್ಲೇ ಸಿಗುತ್ತದೆ. ಬೆಳಿಗ್ಗೆ ಡೈವ್ ಮಾಡಿ ಅದೇ ಸಂಜೆ ಸರ್ಫ್ ಬೋರ್ಡಿನ ಮೇಲೆ ಮಲಗಿ ಜೋರಾಗಿ ಪ್ಯಾಡಲ್ (ಕೈಯಿಂದ ನೀರು ತಳ್ಳುವುದು) ಮಾಡಬೇಡಿ. ಆಳದಲ್ಲಿ ಉಸಿರಾಡಿದಾಗ ರಕ್ತದಲ್ಲಿ ಕರಗಿದ ಹೆಚ್ಚುವರಿ ನೈಟ್ರೋಜನ್ ಹೊರಹೋಗುತ್ತಿರುವಾಗ ಕಠಿಣ ದೈಹಿಕ ಶ್ರಮ ಅದನ್ನು ಗುಳ್ಳೆಗಟ್ಟಿಸಬಹುದು.

ಹಾಗಂತ ಸರ್ಫಿಂಗ್‌ನ ಮೊದಲ ಪಾಠವನ್ನು ದ್ವೀಪದಲ್ಲೇ ಕಲಿಯಬೇಕೆಂದಿಲ್ಲ. ಬಾಲಿಯ ಉಲುವಾಟುವಿನಂಥ ಕಡೆ ಅಲೆ ಒಡೆಯುವುದು ಹವಳದ ದಿಬ್ಬದ ಮೇಲೆ, ಬಿದ್ದರೆ ಮೈ ಕೊಯ್ಯುತ್ತದೆ. ಮೂಲ್ಕಿ ಹತ್ತಿರದ ಸಸಿಹಿತ್ಲುವಿನಲ್ಲಿ ತಳವೆಲ್ಲ ಮರಳು. 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದದ್ದು ಅಲ್ಲೇ. ಮಂಗಳೂರಿನಿಂದಲೂ ಉಡುಪಿಯಿಂದಲೂ ಮುಂಜಾನೆ ಬಂದು ಮಧ್ಯಾಹ್ನದೊಳಗೆ ಮನೆ ಸೇರಬಹುದು. ಅಕ್ಟೋಬರ್‌ನಿಂದ ಮೇ ಮೊದಲ ಭಾಗದವರೆಗೆ ಕಲಿಯುವವರ ಕಾಲ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳೇ ದಡದಲ್ಲಿ ಕೂತಿರುತ್ತವೆ, ಹೊಸಬರಿಗೆ ಆ ಕಡಲಲ್ಲಿ ಕೆಲಸವಿಲ್ಲ. ಹೊತ್ತು ಎಂದರೆ ಬೆಳಗಿನ ಆರೂವರೆಯಿಂದ ಒಂಬತ್ತು. ಆಗ ನೆಲದ ಕಡೆಯ ಗಾಳಿ ಅಲೆಯನ್ನು ನುಣುಪಾಗಿ ಇಟ್ಟಿರುತ್ತದೆ. ಬಿಸಿಲೇರಿ ಕಡಲ ಗಾಳಿ ಶುರುವಾದರೆ ನೀರೆಲ್ಲ ಕದಡುತ್ತದೆ.

ಸಸಿಹಿತ್ಲುವಿನಲ್ಲಿ ಭಯ ಇರಬೇಕಾದದ್ದು ಅಳಿವೆಗೆ. ಶಾಂಭವಿ, ನಂದಿನಿ ಕೂಡಿ ಕಡಲು ಸೇರುವ ಬಾಯಿಯಲ್ಲಿ, ಇಳಿತದ ಹೊತ್ತು ಹೊಳೆಯ ನೀರು, ಉಬ್ಬರದಲ್ಲಿ ಒಳಬಂದ ನೀರು ಎರಡೂ ಸೇರಿ ಹೊರಗೆ ಓಡುತ್ತವೆ. ಉಬ್ಬರ-ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ಹೀಗಾಗಿ ನಿನ್ನೆಯ ಲೆಕ್ಕ ಇವತ್ತಿಗೆ ಹೊಂದುವುದಿಲ್ಲ. ತೆರೆದ ದಡದಲ್ಲೂ ಸೆಳೆತವಿರುತ್ತದೆ: ಎರಡು ಕಡೆ ನೊರೆ, ನಡುವೆ ಅಲೆ ಒಡೆಯದ ಕಪ್ಪಗಿನ ಪಟ್ಟಿ. ಶಾಂತವಾಗಿ ಕಾಣುತ್ತದೆಂದು ಹೊಸಬರು ಅಲ್ಲೇ ಇಳಿಯುತ್ತಾರೆ. ಸಿಕ್ಕಿಬಿದ್ದರೆ ಬೋರ್ಡ್ ಬಿಡಬೇಡಿ, ಅದರ ಮೇಲೆ ಮಲಗಿ ದಡಕ್ಕೆ ಸಮಾನಾಂತರವಾಗಿ ಪ್ಯಾಡಲ್ ಮಾಡಿ, ನೊರೆ ಸಿಕ್ಕ ಮೇಲೆ ದಡದತ್ತ ತಿರುಗಿ.

ಬೋರ್ಡ್ ಎಂಟರಿಂದ ಒಂಬತ್ತು ಅಡಿಯ ಫೋಮ್ ಬೋರ್ಡ್ ಆಗಿರಲಿ. ಚಿಕ್ಕ, ಗಟ್ಟಿ ಬೋರ್ಡ್ ಕೇಳುವ ಹುಡುಗರು ಎದ್ದು ನಿಲ್ಲುವುದಕ್ಕೇ ತಿಣುಕುತ್ತಾರೆ. ಲೀಶ್, ಅಂದರೆ ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ, ಹಿಂದಿನ ಕಾಲಿಗೆ ಕಟ್ಟಿ. ಬೋರ್ಡ್ ಅಲೆಗೂ ನಿಮ್ಮ ದೇಹಕ್ಕೂ ನಡುವೆ ಯಾವತ್ತೂ ಬರಬಾರದು, ಪಕ್ಕದಲ್ಲಿ ಹಿಡಿದೇ ನಡೆಯಿರಿ. ಸೊಂಟದ ಮಟ್ಟದ ನೀರಿನಲ್ಲಿ, ಒಡೆದು ನೊರೆಯಾಗಿ ಬರುವ ಅಲೆ ಸಾಕು. ಮಲಗಿದಾಗ ಬೋರ್ಡಿನ ಮೂತಿ ನೀರಿನಿಂದ ಎರಡು-ಮೂರು ಇಂಚು ಮೇಲಿರಬೇಕು. ಮುಂದೆ ಜಾಸ್ತಿ ಹೋದರೆ ಮೂತಿ ನೀರಿಗೆ ಚುಚ್ಚಿ ತಲೆಕೆಳಗಾಗುತ್ತೀರಿ, ಹಿಂದೆ ಸರಿದರೆ ಅಲೆ ಕೆಳಗಿನಿಂದ ಜಾರಿ ಹೋಗುತ್ತದೆ. ಏಳುವಾಗ ಅಂಗೈಗಳು ಕೆಳಪಕ್ಕೆಲುಬಿನ ಪಕ್ಕ, ಬೋರ್ಡಿನ ಮೇಲೆ ಚಪ್ಪಟೆಯಾಗಿ ಇರಬೇಕು. ಅಂಚು ಹಿಡಿದರೆ ಬೋರ್ಡ್ ವಾಲುತ್ತದೆ. ಕಣ್ಣು ದಡದ ತೆಂಗಿನ ಮರದ ಮೇಲಿರಲಿ. ಕಾಲು ನೋಡಿದವರು ಕಾಲ ಬುಡಕ್ಕೇ ಬೀಳುತ್ತಾರೆ. ಬೀಳುವಾಗ ತಲೆ ಮುಂದಾಗಿ ಧುಮುಕದೆ ಚಪ್ಪಟೆಯಾಗಿ ಬಿದ್ದು, ಮೇಲೆ ಬರುವಾಗ ಎರಡೂ ಕೈ ತಲೆಗೆ ಅಡ್ಡ ಹಿಡಿಯಿರಿ. ಎದ್ದು ನಿಲ್ಲುವುದನ್ನು ಮನೆಯ ಚಾಪೆಯ ಮೇಲೆ ದಿನಕ್ಕೆ ಇಪ್ಪತ್ತು ಸಲ ಮಾಡಿದರೆ ನೀರಿನ ಮೊದಲ ದಿನ ಉಳಿಯುತ್ತದೆ.

ಡೈವಿಂಗ್‌ನಲ್ಲಿ ಹೊಸಬರನ್ನು ಹಿಂದೆ ಕಳಿಸುವುದು ಮುಖ್ಯವಾಗಿ ಕಿವಿ. ನೀರಿನ ಮೇಲಿನ ಗಾಳಿಯ ಒತ್ತಡ 1 ಎಂದುಕೊಂಡರೆ 10 ಮೀಟರ್ ಆಳದಲ್ಲಿ ಒತ್ತಡ 2 ಆಗುತ್ತದೆ, 20 ಮೀಟರ್‌ನಲ್ಲಿ 3. ಅಂದರೆ ಅನುಪಾತದಲ್ಲಿ ಅತಿ ದೊಡ್ಡ ಬದಲಾವಣೆ ಆಗುವುದು ಮೊದಲ ಕೆಲವೇ ಮೀಟರ್‌ಗಳಲ್ಲಿ. ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳುವುದನ್ನು ನೀರಿನ ಮೇಲೆಯೇ ಶುರು ಮಾಡಿ, ನೋವು ಬರುವ ಮೊದಲೇ, ಪ್ರತಿ ಮೀಟರ್‌ಗೂ. ಮೂಗು ಹಿಡಿದು ಉಗುಳು ನುಂಗಿದರೂ ಕೆಲವರಿಗೆ ಬಿಡುತ್ತದೆ. ಹಗ್ಗ ಹಿಡಿದು ಕಾಲು ಕೆಳಗಾಗಿ ಇಳಿಯುವುದು ಸುಲಭ. ಒಂದೇ ಕಿವಿ ಬಿಡದಿದ್ದರೆ ಆ ಕಿವಿ ಮೇಲ್ಮುಖವಾಗುವಂತೆ ತಲೆ ವಾಲಿಸಿ. ನೋವು ಬಂತೇ? ಒಂದು ಮೀಟರ್ ಮೇಲೇರಿ ಮತ್ತೆ ಪ್ರಯತ್ನಿಸಿ. ಬಲವಂತವಾಗಿ ಊದಿದರೆ ಒಳಕಿವಿಗೆ ಶಾಶ್ವತ ಹಾನಿಯಾಗಬಹುದು. ನೆಗಡಿ ಇದ್ದರೆ ಡೈವ್ ಬೇಡ. ಮಾತ್ರೆ ನುಂಗಿ ಇಳಿದರೆ ಅದರ ಪ್ರಭಾವ ನೀರೊಳಗಿರುವಾಗಲೇ ಮುಗಿದು, ಮೇಲೆ ಬರುವಾಗ ಗಾಳಿ ಕಿವಿಯೊಳಗೇ ಸಿಕ್ಕಿಕೊಳ್ಳಬಹುದು.

ಮೇಲೇರುವಾಗ ಉಸಿರು ಕಟ್ಟಲೇಬಾರದು. 10 ಮೀಟರ್‌ನಲ್ಲಿ ಎಳೆದ ಗಾಳಿ ನೀರಿನ ಮೇಲೆ ಎರಡರಷ್ಟು ಹಿಗ್ಗುತ್ತದೆ, ಶ್ವಾಸಕೋಶ ತಡೆಯುವುದಿಲ್ಲ. ನಿಮಿಷಕ್ಕೆ ಸುಮಾರು 9 ಮೀಟರ್ ವೇಗ, 5 ಮೀಟರ್‌ನಲ್ಲಿ ಮೂರು ನಿಮಿಷ ನಿಲುಗಡೆ. ಇನ್ನು ಮೀಸೆ ಇರುವವರ ಮಾಸ್ಕ್‌ಗೆ ಮೇಲ್ದುಟಿಯ ಹತ್ತಿರ ನೀರು ಸೋರುತ್ತದೆ. ಮೂಗಿನ ಕೆಳಗಿನ ಒಂದು ಗೆರೆಯಷ್ಟು ಮೀಸೆ ಕತ್ತರಿಸಿಕೊಂಡರೆ ಸಾಕು.

ಹೊಸಬರ ಮೊದಲ ಡೈವ್ ಕೋರ್ಸ್ ಆದ ಓಪನ್ ವಾಟರ್‌ಗೆ ಮೂರು-ನಾಲ್ಕು ದಿನ, ಕಡಲಲ್ಲಿ ನಾಲ್ಕು ಡೈವ್, ಗರಿಷ್ಠ ಆಳ 18 ಮೀಟರ್. 200 ಮೀಟರ್ ಈಜಬೇಕು, ಹತ್ತು ನಿಮಿಷ ತೇಲಬೇಕು. 25 ಮೀಟರ್ ಕೊಳದಲ್ಲಿ ಎಂಟು ಸಲದ ಲೆಕ್ಕ, ಹೊರಡುವ ಮೊದಲು ಊರಲ್ಲೇ ಮಾಡಿ ನೋಡಿ.

ಒಮ್ಮೆ ರುಚಿ ನೋಡಬೇಕೆನ್ನುವವರಿಗೆ ಮುರುಡೇಶ್ವರದ ಆಚೆ ಕಡಲಲ್ಲಿರುವ ನೇತ್ರಾಣಿ ದ್ವೀಪ ಇದೆ. ಇಲ್ಲಿ ಘಟ್ಟವನ್ನು ಮರೆಯಬಾರದು. ಡೈವ್ ಆದ ಮೇಲೆ ಹಾರಾಟಕ್ಕೆ ಇರುವ ನಿಯಮ, ಅಂದರೆ ಒಂದೇ ಡೈವ್‌ಗೆ ಕನಿಷ್ಠ 12 ಗಂಟೆ, ಹಲವು ಡೈವ್‌ಗೆ 18 ಗಂಟೆ, 600 ಮೀಟರ್‌ಗಿಂತ ಎತ್ತರದ ಊರಿಗೂ ಅನ್ವಯಿಸುತ್ತದೆ. ಬೆಂಗಳೂರು ಇರುವುದು ಸುಮಾರು 900 ಮೀಟರ್‌ನಲ್ಲಿ. ಭಾನುವಾರ ಮಧ್ಯಾಹ್ನ ಎರಡು ಡೈವ್ ಮುಗಿಸಿ ರಾತ್ರಿ ಬಸ್ಸಿಗೆ ಘಟ್ಟ ಹತ್ತುವುದು ತಪ್ಪು. ರಾತ್ರಿ ಕರಾವಳಿಯಲ್ಲೇ ಉಳಿದು, ಸೋಮವಾರ ಬೆಳಿಗ್ಗೆ ಹೊರಡಿ. ಕೀಲುನೋವು, ಮರಗಟ್ಟುವಿಕೆ, ವಿಪರೀತ ಸುಸ್ತು ಕಂಡರೆ ಘಟ್ಟ ಹತ್ತದೆ ಆಸ್ಪತ್ರೆಗೆ ಹೋಗಿ, ಡೈವ್ ಮಾಡಿದ್ದೇನೆ ಎಂದು ಮೊದಲೇ ಹೇಳಿ.

ವೈದ್ಯಕೀಯ ಪ್ರಶ್ನಾವಳಿಯನ್ನು ಊರಲ್ಲೇ ಓದಿಕೊಳ್ಳಿ. ಅಸ್ತಮಾ, ಹೃದಯದ ತೊಂದರೆ, ಕಿವಿಯ ಆಪರೇಷನ್, ಫಿಟ್ಸ್, ಇವುಗಳಲ್ಲಿ ಯಾವುದಕ್ಕಾದರೂ ಹೌದು ಎಂದರೆ ವೈದ್ಯರ ಸಹಿ ಬೇಕು. ದ್ವೀಪದಲ್ಲಿ ಆ ಸಹಿ ಹುಡುಕುವುದರಲ್ಲೇ ಒಂದು ದಿನ ಹೋಗುತ್ತದೆ.